ಅಮೆರಿಕದ ಸಿಟಿಜನ್‌ಶಿಪ್ ಓತ್, ಊರಿನ ಟಿಕೆಟ್: ತಾರೀಖು ಹೊಂದಿಸಿಕೊಳ್ಳುವುದು ಹೇಗೆ?

ಓತ್, ಅಂದರೆ ಪೌರತ್ವದ ಪ್ರಮಾಣವಚನ, ತೆಗೆದುಕೊಂಡ ದಿನದಿಂದ ಅಮೆರಿಕದ ಪಾಸ್‌ಪೋರ್ಟ್ ಕೈಗೆ ಸಿಗುವ ದಿನದವರೆಗೆ ನೀವು ದೇಶದ ಹೊರಗೆ ಹೋಗಲು ಆಗುವುದಿಲ್ಲ. ಈ ಒಂದು ಮಾತನ್ನು ಮೊದಲು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಯಾಕೆ ಹೀಗೆ? ಓತ್ ಸಮಾರಂಭದ ಬಾಗಿಲಲ್ಲೇ ನಿಮ್ಮ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಳ್ಳುತ್ತಾರೆ. ಓತ್ ಮುಗಿದರೆ ಭಾರತದ ಪೌರತ್ವವೂ ಹೋಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ನಿಮ್ಮ ನೀಲಿ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಆರು ವರ್ಷ ಬಾಕಿ ಇದ್ದರೂ ಅದನ್ನು ಬಳಸಿ ಪ್ರಯಾಣ ಮಾಡುವಂತಿಲ್ಲ. ಮಾಡಿದರೆ ಅಪರಾಧ. ಇತ್ತ ಅಮೆರಿಕದ ಕಾನೂನು, ಪೌರರು ದೇಶ ಬಿಡುವಾಗಲೂ ಒಳಗೆ ಬರುವಾಗಲೂ ಅಮೆರಿಕದ ಪಾಸ್‌ಪೋರ್ಟ್ ಇರಲೇಬೇಕು ಎನ್ನುತ್ತದೆ. ಹಳೆಯದು ಹೋಯಿತು, ಹೊಸದು ಬಂದಿಲ್ಲ. ಅದರ ಮೇಲೆ ಭಾರತಕ್ಕೆ ಹೋಗಲು ಈಗ ನಿಮಗೆ ವೀಸಾ ಬೇರೆ ಬೇಕು!

ಹಾಗಾಗಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಪ್ರಯಾಣ ಓತ್‌ಗೆ ಮೊದಲೋ, ಆಮೇಲೋ?

ಮೊದಲ ಹೆಜ್ಜೆ: ಯಾವುದು ಜರುಗುತ್ತದೆ, ಯಾವುದು ಜರುಗುವುದಿಲ್ಲ?

ತಂಗಿಯ ಮದುವೆಯ ಮುಹೂರ್ತವನ್ನು ಮುಂದೆ ಹಾಕಲು ಆಗುವುದಿಲ್ಲ. ಅಪ್ಪನ ಆಪರೇಷನ್ ನಿಮಗಾಗಿ ಕಾಯುವುದಿಲ್ಲ. ಓತ್ ಮಾತ್ರ ಕಾಯುತ್ತದೆ. ನಮ್ಮವರಲ್ಲಿ ಬಹಳಷ್ಟು ಜನ ಇದನ್ನು ಉಲ್ಟಾ ತಿಳಿದುಕೊಂಡಿದ್ದಾರೆ. ಓತ್ ನೋಟಿಸ್ ಬಂತು ಎಂದರೆ ಅದು ಬ್ರಹ್ಮಲಿಪಿ, ತಪ್ಪಿಸಿದರೆ ಸಿಟಿಜನ್‌ಶಿಪ್ಪೇ ಹೋಯಿತು ಎಂದು ಹೆದರಿ ಮದುವೆಯನ್ನೇ ಬಿಡುತ್ತಾರೆ. ಹಾಗೇನಿಲ್ಲ. ಸರಿಯಾದ ಕಾರಣ ಕೊಟ್ಟು, ಮೊದಲೇ ತಿಳಿಸಿ, ಬೇರೆ ತಾರೀಖು ಕೇಳಬಹುದು.

ನನ್ನ ಸಲಹೆ ನೇರವಾಗಿ ಹೇಳಿಬಿಡುತ್ತೇನೆ. ಪ್ರಯಾಣದ ತಾರೀಖು ಬದಲಾಗುವಂಥದ್ದಲ್ಲ, ಅದು ಎರಡು ಮೂರು ತಿಂಗಳ ಒಳಗೇ ಇದೆ ಎಂದಾದರೆ, ಗ್ರೀನ್ ಕಾರ್ಡ್ ಮೇಲೆಯೇ ಹೋಗಿ ಬನ್ನಿ. ಓತ್ ಆಮೇಲೆ ಇರಲಿ. ಸುಮ್ನೆ ರಜೆಗೆ ಹೋಗುವುದಾದರೆ ಓತ್ ಮುಗಿಸಿ, ಪಾಸ್‌ಪೋರ್ಟ್ ಬಂದ ಮೇಲೆ ಟಿಕೆಟ್ ತೆಗೆಯಿರಿ. ಒಂದು ಸಂದರ್ಭದಲ್ಲಿ ಮಾತ್ರ ಓತ್ ಮುಂದೂಡುವ ಮೊದಲು ಎರಡು ಸಲ ಯೋಚಿಸಿ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಬೇಕು ಎಂದಿದ್ದರೆ, ನೀವು ಸಿಟಿಜನ್ ಆಗದೆ ಆ ಅರ್ಜಿ ಹಾಕಲು ಬರುವುದಿಲ್ಲ. ಓತ್ ಎಷ್ಟು ಹಿಂದೆ ಹೋಗುತ್ತದೋ ಅದೂ ಅಷ್ಟೇ ಹಿಂದೆ ಹೋಗುತ್ತದೆ.

ಇಂಟರ್‌ವ್ಯೂಗೆ ಮೊದಲು: ಅದೇ ದಿನದ ಓತ್ ಬಗ್ಗೆ ಎಚ್ಚರ

ಯುಎಸ್‌ಸಿಐಎಸ್, ಅಂದರೆ ಅಮೆರಿಕದ ಪೌರತ್ವ ಮತ್ತು ವಲಸೆ ಇಲಾಖೆಯ ಕೆಲವು ಕಚೇರಿಗಳಲ್ಲಿ ಬೆಳಗ್ಗೆ ಸಿಟಿಜನ್‌ಶಿಪ್ ಇಂಟರ್‌ವ್ಯೂ, ಪಾಸಾದರೆ ಅವತ್ತೇ ಮಧ್ಯಾಹ್ನ ಓತ್. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮುಂದಿನ ವಾರವೇ ಬೆಂಗಳೂರಿಗೆ ಟಿಕೆಟ್ ಇದ್ದವರಿಗೆ ಇದು ದೊಡ್ಡ ಪೇಚು. ಒಂದೇ ದಿನದಲ್ಲಿ ಗ್ರೀನ್ ಕಾರ್ಡ್ ಹೋಗುತ್ತದೆ, ಹೊಸ ಪಾಸ್‌ಪೋರ್ಟ್‌ಗೆ ಅರ್ಜಿಯೂ ಹಾಕಿರುವುದಿಲ್ಲ.

ಇಂಟರ್‌ವ್ಯೂ ತಾರೀಖು ಗೊತ್ತಾದ ಕೂಡಲೇ, ನಿಮ್ಮ ಕಚೇರಿಯಲ್ಲಿ ಅದೇ ದಿನ ಓತ್ ಮಾಡಿಸುವ ರೂಢಿ ಇದೆಯೇ ಎಂದು ಇತ್ತೀಚೆಗೆ ಮುಗಿಸಿಕೊಂಡ ಸ್ನೇಹಿತರ ಹತ್ತಿರ ವಿಚಾರಿಸಿ. ಇದ್ದರೆ, ಇಂಟರ್‌ವ್ಯೂ ಕೊನೆಯಲ್ಲಿ ಅಧಿಕಾರಿಗೆ ನೇರವಾಗಿ ಹೇಳಿ: ಇಂಥ ತಾರೀಖಿಗೆ ಹೊರಡುತ್ತಿದ್ದೇನೆ, ಇಂಥ ತಾರೀಖಿಗೆ ವಾಪಸ್ ಬರುತ್ತೇನೆ, ಅದರ ನಂತರದ ಸಮಾರಂಭಕ್ಕೆ ಹಾಕಿ. ಟಿಕೆಟ್ ಪ್ರಿಂಟ್ ಜೊತೆಯಲ್ಲಿರಲಿ. ಇದರಿಂದ ನಿಮ್ಮ ಕೇಸ್‌ಗೆ ತೊಂದರೆ ಇಲ್ಲ. ಗ್ರೀನ್ ಕಾರ್ಡ್ ಕೊಟ್ಟ ಮೇಲೆ ಮಾತ್ರ ವಾಪಸ್ ಕೇಳಲು ಬರುವುದಿಲ್ಲ.

ಹೆಸರು ಬದಲಾಯಿಸುವ ವಿಚಾರವೂ ಇಲ್ಲೇ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನರ ಭಾರತೀಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಸ್ವಂತ ಹೆಸರು, ಅಪ್ಪನ ಹೆಸರು, ಊರ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಅದು ಅಮೆರಿಕದ ದಾಖಲೆಗೆ ಬರುವಾಗ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಕೂತಿರುತ್ತದೆ. ಸಿಟಿಜನ್ ಆಗುವಾಗ ಇದನ್ನು ಸರಿಮಾಡಿಸಿಕೊಳ್ಳುವ ಅವಕಾಶ ಸಿಟಿಜನ್‌ಶಿಪ್‌ಗೆ ಹಾಕುವ ಎನ್-400 ಅರ್ಜಿಯಲ್ಲೇ ಇದೆ, ಮಾಡಿಸಿಕೊಳ್ಳುವುದೂ ಒಳ್ಳೆಯದೇ. ಆದರೆ ಹೆಸರು ಬದಲಾವಣೆ ಕೇಳಿದವರ ಓತ್ ಕೋರ್ಟಿನಲ್ಲಿ, ಜಡ್ಜ್ ಎದುರೇ ಆಗಬೇಕು. ಅಂದರೆ ಕೋರ್ಟಿನ ಕ್ಯಾಲೆಂಡರ್ ನೋಡಿ ತಾರೀಖು ಬರುತ್ತದೆ. ಅದೇ ದಿನದ ಓತ್ ಸಿಗುವುದಿಲ್ಲ, ಕಾಯುವುದು ಜಾಸ್ತಿ ಆಗಬಹುದು. ಪ್ರಯಾಣ ಹತ್ತಿರದಲ್ಲಿದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಂಟರ್‌ವ್ಯೂಗೂ ಓತ್‌ಗೂ ನಡುವೆ ಹೋಗಿಬರುವುದು

ಹೋಗಬಹುದು. ಪಾಸಾಗಿದ್ದರೂ ನೀವಿನ್ನೂ ಭಾರತದ ಪೌರರೇ, ಗ್ರೀನ್ ಕಾರ್ಡ್ ಇರುವವರೇ. ಭಾರತದ ಪಾಸ್‌ಪೋರ್ಟ್ ತೋರಿಸಿ ಹೋಗಿ, ಗ್ರೀನ್ ಕಾರ್ಡ್ ತೋರಿಸಿ ಬನ್ನಿ. ಕೆಲವು ವಿಷಯ ಮಾತ್ರ ನೋಡಿಕೊಳ್ಳಿ.

ಪ್ರಯಾಣ ಚಿಕ್ಕದಿರಲಿ. ಅರ್ಜಿ ಹಾಕಿದ ದಿನದಿಂದ ಓತ್ ದಿನದವರೆಗೂ ಅಮೆರಿಕದಲ್ಲಿ ಸತತ ವಾಸ ಇರಬೇಕು ಎಂಬುದು ನಿಯಮ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಆ ವಾಸ ಮುರಿದಿದೆ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಲ್ಲ ಎಂದು ತೋರಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ಮೂರು ನಾಲ್ಕು ವಾರ ಹೋಗಿಬರುವುದಕ್ಕೆ ಯೋಚನೆಯೇ ಬೇಡ.

ಗ್ರೀನ್ ಕಾರ್ಡ್ ಅವಧಿ ಮುಗಿದಿದೆಯೇ? 2022ರ ಡಿಸೆಂಬರ್ 12ರಿಂದ, ಎನ್-400 ಹಾಕಿದವರಿಗೆ ಬರುವ ರಸೀದಿ ನೋಟಿಸ್‌ನಲ್ಲೇ ಗ್ರೀನ್ ಕಾರ್ಡ್‌ಗೆ 24 ತಿಂಗಳ ವಿಸ್ತರಣೆ ಇರುತ್ತದೆ. ಆ ನೋಟಿಸ್‌ನ ಮೂಲ ಪ್ರತಿಯನ್ನೇ ಕಾರ್ಡ್ ಜೊತೆ ಒಯ್ಯಿರಿ. ಬೆಂಗಳೂರಿನಲ್ಲಿ ಮಧ್ಯರಾತ್ರಿ ಚೆಕ್-ಇನ್ ಕೌಂಟರ್‌ನಲ್ಲಿ ನಿಂತು, ಅವಧಿ ಮುಗಿದ ಕಾರ್ಡ್ ಹಿಡಿದು ಫೋನಿನಲ್ಲಿ ಪಿಡಿಎಫ್ ಹುಡುಕುವ ಪರಿಸ್ಥಿತಿ ಬೇಡ. ಭಾರತದ ಪಾಸ್‌ಪೋರ್ಟ್ ಕೂಡ ಪ್ರಯಾಣಕ್ಕೆ ಸಾಕಾಗುವಷ್ಟು ಅವಧಿ ಉಳಿಸಿಕೊಂಡಿರಬೇಕು.

ನೋಟಿಸ್ ನೋಡಿಕೊಳ್ಳಲು ಯಾರನ್ನಾದರೂ ನೇಮಿಸಿ ಹೋಗಿ. ಓತ್‌ಗೆ ಕರೆಯುವ ಪತ್ರದ ಹೆಸರು ಎನ್-445. ನೀವು ಊರಲ್ಲಿ ಹಬ್ಬದ ಊಟ ಮಾಡುತ್ತಿರುವಾಗ ಇಲ್ಲಿ ಅದು ಅಂಚೆಪೆಟ್ಟಿಗೆಯಲ್ಲಿ ಬಿದ್ದಿರಬಹುದು. ಯುಎಸ್‌ಸಿಐಎಸ್ ಆನ್‌ಲೈನ್ ಖಾತೆಯನ್ನು ಎರಡು ದಿನಕ್ಕೊಮ್ಮೆ ತೆರೆದು ನೋಡಿ. ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಅಂಚೆಪೆಟ್ಟಿಗೆಯ ಕೀಲಿ ಕೊಟ್ಟು ಹೋಗಿ.

ನೋಟಿಸ್ ಬಂತು, ತಾರೀಖು ಹೊಂದುತ್ತಿಲ್ಲ. ಏನು ಮಾಡಬೇಕು?

ಬರಲು ಆಗದಿದ್ದರೆ ಏನು ಮಾಡಬೇಕು ಎಂದು ಆ ನೋಟಿಸ್‌ನಲ್ಲೇ ಹೇಳಿರುತ್ತದೆ. ನೋಟಿಸನ್ನು ಕಾರಣ ಬರೆದ ಪತ್ರದ ಜೊತೆ ನಿಮ್ಮ ಕಚೇರಿಗೆ ವಾಪಸ್ ಕಳಿಸಬೇಕು. ಪತ್ರ ಉದ್ದ ಬೇಡ. ಹೆಸರು, ಎ-ನಂಬರ್ (ಗ್ರೀನ್ ಕಾರ್ಡ್ ಮೇಲಿರುವ ನಿಮ್ಮ ವಲಸೆ ಸಂಖ್ಯೆ), ನೋಟಿಸ್‌ನಲ್ಲಿರುವ ಸಮಾರಂಭದ ತಾರೀಖು, ಬರಲಾಗದ ಕಾರಣ ಒಂದೆರಡು ವಾಕ್ಯದಲ್ಲಿ, ಹೊರಡುವ ತಾರೀಖು, ವಾಪಸ್ ಬರುವ ತಾರೀಖು, "ಇಂಥ ತಾರೀಖಿನ ನಂತರ ಯಾವ ದಿನವಾದರೂ ಬರುತ್ತೇನೆ" ಎಂಬ ಮಾತು. ಇಷ್ಟು ಸಾಕು. ಟಿಕೆಟ್ ಪ್ರತಿ ಲಗತ್ತಿಸಿ. ಮದುವೆ ಆಮಂತ್ರಣ ಪತ್ರಿಕೆ ಕನ್ನಡದಲ್ಲಿದ್ದರೆ ಮುಖ್ಯ ಸಾಲುಗಳ ಇಂಗ್ಲಿಷ್ ಅನುವಾದ ಸೇರಿಸಿ. ಎಲ್ಲದರ ನಕಲು ಇಟ್ಟುಕೊಂಡು, ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲೇ ಕಳಿಸಿ.

ಇಲ್ಲಿ ದಾಟಬಾರದ ಗೆರೆ ಒಂದಿದೆ. ಸರಿಯಾದ ಕಾರಣ ಇಲ್ಲದೆ ಒಂದಕ್ಕಿಂತ ಹೆಚ್ಚು ಓತ್ ಸಮಾರಂಭ ತಪ್ಪಿಸಿದರೆ, ನಿಮಗೆ ಸಿಟಿಜನ್ ಆಗುವ ಇಚ್ಛೆ ಇಲ್ಲ ಎಂದೇ ಭಾವಿಸುತ್ತಾರೆ. ಮಂಜೂರಾದ ಅರ್ಜಿಯನ್ನು ಮತ್ತೆ ತೆರೆಯುತ್ತಾರೆ. ಹಾಗಾಗಿ ಒಂದು ಸಲ ಮುಂದೂಡಿದವರು ಎರಡನೇ ತಾರೀಖಿಗೆ ಏನೇ ಆದರೂ ಹೋಗುವ ಹಾಗೆ ಉಳಿದ ಕೆಲಸ ಹೊಂದಿಸಿಕೊಳ್ಳಿ. ತಿಳಿಸದೆ ಸುಮ್ಮನೆ ತಪ್ಪಿಸುವುದನ್ನಂತೂ ಒಂದು ಸಲವೂ ಮಾಡಬೇಡಿ. ಹೊಸ ತಾರೀಖು ಯಾವಾಗ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ ಎಂಬುದೂ ನೆನಪಿರಲಿ.

ಉಲ್ಟಾ ದಾರಿಯೂ ಉಂಟು. ಓತ್ ಬೇಗ ಮಾಡಿಸಿ ಎಂದು ಕೇಳಬಹುದು. ನಿಮ್ಮ ಅಥವಾ ಕುಟುಂಬದವರ ಗಂಭೀರ ಕಾಯಿಲೆ, ಅಂಗವೈಕಲ್ಯ, ಇಳಿವಯಸ್ಸು, ಪ್ರಯಾಣ ಅಥವಾ ಉದ್ಯೋಗಕ್ಕೆ ಸಂಬಂಧಿಸಿದ ತುರ್ತು, ಇವೆಲ್ಲ ನಿಯಮದಲ್ಲೇ ಬರೆದಿರುವ ಕಾರಣಗಳು. ರಜೆಯ ಟಿಕೆಟ್ ಅಗ್ಗವಾಗಿ ಸಿಕ್ಕಿತು ಎಂಬುದು ಇದರಲ್ಲಿ ಸೇರುವುದಿಲ್ಲ. ದಾಖಲೆ ಗಟ್ಟಿಯಾಗಿದ್ದರೆ ಮಾತ್ರ ಕೇಳಿ.

ಓತ್ ದಿನ

ಎನ್-445ರ ಹಿಂಬದಿಯಲ್ಲಿ ಪ್ರಶ್ನೆಗಳಿರುತ್ತವೆ. ಇಂಟರ್‌ವ್ಯೂ ಆದ ಮೇಲೆ ಮದುವೆ ಆಗಿದೆಯೇ, ದೇಶದ ಹೊರಗೆ ಹೋಗಿದ್ದೀರಾ, ಪೊಲೀಸ್ ಕೇಸ್ ಅಥವಾ ಟ್ರಾಫಿಕ್ ಟಿಕೆಟ್ ಏನಾದರೂ ಇದೆಯೇ ಎಂದು. ಇವನ್ನು ಸಮಾರಂಭದ ದಿನವೇ ತುಂಬಬೇಕು. ಊರಿಗೆ ಹೋಗಿ ಬಂದಿದ್ದರೆ ಹೌದು ಎಂದು ಬರೆದು ತಾರೀಖು ಹೇಳಿ. ಅದು ತಪ್ಪೇನಲ್ಲ. ಮುಚ್ಚಿಡುವುದು ತಪ್ಪು.

ಪೌರತ್ವದ ಸರ್ಟಿಫಿಕೇಟ್ ಕೈಗೆ ಬಂದ ಕ್ಷಣ, ಧ್ವಜ ಹಿಡಿದು ಫೋಟೋಗೆ ನಿಲ್ಲುವ ಮೊದಲು, ಕೂತು ಅದರ ಪ್ರತಿ ಅಕ್ಷರ ಓದಿ. ಹೆಸರಿನ ಸ್ಪೆಲಿಂಗ್ ಮುಖ್ಯ. ನಮ್ಮ ಉದ್ದ ಹೆಸರುಗಳಲ್ಲಿ ಒಂದು 'ಎ' ಜಾಸ್ತಿ, ಒಂದು 'ಎಚ್' ಕಮ್ಮಿ ಆಗುವುದು ಸುಲಭ. ಆಮೇಲೆ ಹುಟ್ಟಿದ ತಾರೀಖು, ಹಿಂದಿನ ದೇಶ. ತಪ್ಪಿದ್ದರೆ ಅಲ್ಲೇ ಅಧಿಕಾರಿಗೆ ತೋರಿಸಿ. ಮನೆಗೆ ಬಂದ ಮೇಲೆ ತಿದ್ದಿಸಬೇಕಾದರೆ ಎನ್-565 ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ನಿಮ್ಮ ಪ್ರಯಾಣದ ಲೆಕ್ಕವೆಲ್ಲ ಅಲ್ಲಿಗೇ ಕುಸಿಯುತ್ತದೆ.

ಅದೇ ದಿನ ಸರ್ಟಿಫಿಕೇಟ್‌ನ ಬಣ್ಣದ ನಕಲು ನಾಲ್ಕೈದು ಮಾಡಿಸಿ, ಸ್ಕ್ಯಾನ್ ಕೂಡ ಇಟ್ಟುಕೊಳ್ಳಿ. ಕಾನೂನುಬದ್ಧ ಅಧಿಕಾರವಿಲ್ಲದೆ ನಕಲು ಮಾಡಬಾರದು ಎಂಬ ಮಾತು ಅದರ ಮೇಲೆಯೇ ಅಚ್ಚಾಗಿರುವುದನ್ನು ನೋಡಿ ಕೆಲವರು ಹೆದರುತ್ತಾರೆ. ಪಾಸ್‌ಪೋರ್ಟ್ ಅರ್ಜಿಗೆ ನಕಲು ಕೊಡಿ ಎಂದು ಸರ್ಕಾರವೇ ಕೇಳುತ್ತದೆ. ಸರಿಯಾದ ಕೆಲಸಕ್ಕೆ ನಕಲು ಮಾಡಿಸಬಹುದು. ಮೂಲ ಪ್ರತಿ ಪಾಸ್‌ಪೋರ್ಟ್ ಅರ್ಜಿಯ ಜೊತೆ ಹೋಗಿಬಿಡುತ್ತದೆ. ಅದು ವಾಪಸ್ ಬರುವ ತನಕ ಉಳಿದ ಕೆಲಸಗಳಿಗೆ ಈ ನಕಲುಗಳೇ ಗತಿ.

ಪಾಸ್‌ಪೋರ್ಟ್: ಒಂದು ದಿನವೂ ತಡ ಬೇಡ

ಮೊದಲ ಪಾಸ್‌ಪೋರ್ಟ್‌ಗೆ ಡಿಎಸ್-11 ಅರ್ಜಿ. ಪೋಸ್ಟ್ ಆಫೀಸ್, ಕೌಂಟಿ ಕ್ಲರ್ಕ್ ಕಚೇರಿ, ಕೆಲವು ಲೈಬ್ರರಿಗಳಲ್ಲಿ ಖುದ್ದಾಗಿ ಕೊಡಬೇಕು. ಬಹಳಷ್ಟು ಕಡೆ ಅಪಾಯಿಂಟ್‌ಮೆಂಟ್ ಬೇಕು, ಅದೇ ಎರಡು ವಾರ ಮುಂದಕ್ಕೆ ಸಿಗಬಹುದು. ಆದ್ದರಿಂದ ಓತ್ ನೋಟಿಸ್ ಬಂದ ದಿನವೇ, ಓತ್ ಮರುದಿನಕ್ಕೋ ಅದರ ಮರುದಿನಕ್ಕೋ ಅಪಾಯಿಂಟ್‌ಮೆಂಟ್ ಹಿಡಿದಿಡಿ. ಈ ಒಂದೇ ಕೆಲಸದಿಂದ ಉಳಿಯುವಷ್ಟು ದಿನ ಬೇರೆ ಯಾವುದರಿಂದಲೂ ಉಳಿಯುವುದಿಲ್ಲ.

ಒಯ್ಯಬೇಕಾದ್ದು: ತುಂಬಿದ ಅರ್ಜಿ (ಸಹಿ ಮಾತ್ರ ಅಲ್ಲಿ, ಅಧಿಕಾರಿ ಎದುರೇ ಹಾಕಬೇಕು), ಮೂಲ ಸರ್ಟಿಫಿಕೇಟ್ ಮತ್ತು ಒಂದು ನಕಲು, ಡ್ರೈವಿಂಗ್ ಲೈಸೆನ್ಸ್ ಮತ್ತು ಅದರ ಎರಡೂ ಬದಿಯ ನಕಲು, ಕನ್ನಡಕ ಇಲ್ಲದ 2 ಇಂಚು ಅಗಲ 2 ಇಂಚು ಉದ್ದದ ಫೋಟೋ. ದೊಡ್ಡವರ ಈಗಿನ ಶುಲ್ಕ 130 ಡಾಲರ್, ಜೊತೆಗೆ ಅರ್ಜಿ ಸ್ವೀಕರಿಸುವ ಕಚೇರಿಗೆ 35 ಡಾಲರ್. ಬೇಗ ಬೇಕೆಂದರೆ ಮೇಲೆ 60. ಪಾಸ್‌ಪೋರ್ಟ್ ಒಂದೆರಡು ದಿನದ ಅಂಚೆಯಲ್ಲಿ ಮನೆಗೆ ಬರಬೇಕೆಂದರೆ ಇನ್ನೊಂದು 22.05. ಪ್ರಯಾಣ ಇರುವವರು ಈ ಕೊನೆಯ ಎರಡಕ್ಕೆ ಜಿಪುಣತನ ಮಾಡಬೇಡಿ. 130ಕ್ಕೆ ಚೆಕ್ ಅಥವಾ ಮನಿ ಆರ್ಡರ್ ಬೇಕು. ಚೆಕ್ ಬುಕ್ ಮರೆತು ಹೋಗಿ ಅಪಾಯಿಂಟ್‌ಮೆಂಟ್ ಕಳೆದುಕೊಳ್ಳಬೇಡಿ.

ಎಷ್ಟು ದಿನ ಬೇಕು? ಈಗ ಹೇಳುತ್ತಿರುವುದು ಸಾಮಾನ್ಯ ಅರ್ಜಿಗೆ 4ರಿಂದ 6 ವಾರ, ಬೇಗದ ಶುಲ್ಕ ಕೊಟ್ಟರೆ 2ರಿಂದ 3 ವಾರ. ಈ ಲೆಕ್ಕದಲ್ಲಿ ಅಂಚೆಯ ದಿನಗಳು ಸೇರಿಲ್ಲ. ಅರ್ಜಿ ಅವರನ್ನು ತಲುಪಲು 2 ವಾರದವರೆಗೆ, ಪಾಸ್‌ಪೋರ್ಟ್ ನಿಮ್ಮನ್ನು ತಲುಪಲು 2 ವಾರದವರೆಗೆ ಎಂದು ಅವರೇ ಹೇಳುತ್ತಾರೆ. ಜನ ಎಡವುವುದು ಇಲ್ಲೇ. ಮೂಲ ಸರ್ಟಿಫಿಕೇಟ್ ಬೇರೆ ಲಕೋಟೆಯಲ್ಲಿ, ತುಸು ತಡವಾಗಿ ಬರುತ್ತದೆ. ಗಾಬರಿ ಬೇಡ.

ಒಂದು ಲೆಕ್ಕ ಹಾಕಿ ನೋಡೋಣ. ಓತ್ ಏಪ್ರಿಲ್ 8ಕ್ಕೆ, ಪಾಸ್‌ಪೋರ್ಟ್ ಅರ್ಜಿ ಏಪ್ರಿಲ್ 10ಕ್ಕೆ ಎಂದಿಟ್ಟುಕೊಳ್ಳಿ. ಬೇಗದ ಶುಲ್ಕ ಕಟ್ಟಿದ್ದೀರಿ. ಎಲ್ಲವೂ ನಿಧಾನವಾದರೆ ಅರ್ಜಿ ತಲುಪುವುದು ಏಪ್ರಿಲ್ 24, ಕೆಲಸ ಮುಗಿಯುವುದು ಮೇ 15. ಬೇಗದ ಅಂಚೆಗೂ ದುಡ್ಡು ಕೊಟ್ಟಿದ್ದರೆ ಮೇ 18ರ ಸುಮಾರಿಗೆ ಕೈಯಲ್ಲಿ, ಇಲ್ಲದಿದ್ದರೆ ಮೇ 29. ಭಾರತದ ಕಡೆಯ ಕೆಲಸಕ್ಕೆ ಎರಡು ವಾರ ಇಡಿ. ಅಂದರೆ ನೆಮ್ಮದಿಯಿಂದ ಹೊರಡಬಹುದಾದ ದಿನ ಜೂನ್ ಮೊದಲ ವಾರ ಅಥವಾ ಜೂನ್ 15ರ ಸುಮಾರು. ಬೇಗದ ಶುಲ್ಕ ಯಾವುದೂ ಕಟ್ಟದಿದ್ದರೆ ಇದೇ ಲೆಕ್ಕ ಜುಲೈಗೆ ಹೋಗುತ್ತದೆ. ಎಷ್ಟೋ ಜನರಿಗೆ ಇದಕ್ಕಿಂತ ಬೇಗ ಬರುತ್ತದೆ, ನಿಜ. ಆದರೆ ವಾಪಸ್ ಮಾಡಲಾಗದ ಟಿಕೆಟನ್ನು ಅದೃಷ್ಟದ ಮೇಲೆ ಬುಕ್ ಮಾಡಬೇಡಿ.

ಟಿಕೆಟ್ ಬುಕ್ ಮಾಡಲು ಪಾಸ್‌ಪೋರ್ಟ್ ನಂಬರ್ ಮೊದಲೇ ಬೇಕಿಲ್ಲ, ಆಮೇಲೆ ಸೇರಿಸಬಹುದು. ಹೆಸರು ಮಾತ್ರ ಹೊಸ ಪಾಸ್‌ಪೋರ್ಟ್‌ನಲ್ಲಿ ಹೇಗೆ ಬರಲಿದೆಯೋ ಹಾಗೆಯೇ ಇರಬೇಕು.

ಮಕ್ಕಳನ್ನು ಮರೆಯಬೇಡಿ

ಇದನ್ನು ಮರೆಯುವವರು ಬಹಳ. ಗ್ರೀನ್ ಕಾರ್ಡ್ ಇರುವ, 18 ತುಂಬದ, ಇಲ್ಲಿ ನಿಮ್ಮ ಜೊತೆಯಲ್ಲೇ ನಿಮ್ಮ ಸುಪರ್ದಿಯಲ್ಲಿ ಇರುವ ಮಗು, ಅಪ್ಪ ಅಮ್ಮನಲ್ಲಿ ಒಬ್ಬರು ಓತ್ ತೆಗೆದುಕೊಂಡ ಕ್ಷಣ ತಾನಾಗಿಯೇ ಅಮೆರಿಕದ ಪ್ರಜೆಯಾಗುತ್ತದೆ. ಅದಕ್ಕೆ ಓತ್ ಬೇಡ, ಬೇರೆ ಅರ್ಜಿ ಬೇಡ. ಆದರೆ ಪ್ರಯಾಣಕ್ಕೆ ಅದಕ್ಕೂ ಅಮೆರಿಕದ ಪಾಸ್‌ಪೋರ್ಟ್ ಬೇಕು. ಗ್ರೀನ್ ಕಾರ್ಡ್ ಇನ್ನೂ ಮನೆಯ ಡ್ರಾಯರ್‌ನಲ್ಲಿ ಇದೆ ಎಂದು ಅದರ ಮೇಲೆ ಕರೆದುಕೊಂಡು ಹೋಗುವಂತಿಲ್ಲ.

16ರ ಒಳಗಿನ ಮಗುವಿನ ಅರ್ಜಿಗೆ ಅಪ್ಪ ಅಮ್ಮ ಇಬ್ಬರೂ ಬರಬೇಕು. ಒಬ್ಬರಿಗೆ ಆಗದಿದ್ದರೆ ಡಿಎಸ್-3053 ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಕೊಡಬೇಕು. ಮಗುವಿನ ಜನನ ಪ್ರಮಾಣಪತ್ರ, ಗ್ರೀನ್ ಕಾರ್ಡ್, ನಿಮ್ಮ ಸರ್ಟಿಫಿಕೇಟ್ ಬೇಕು. ಶುಲ್ಕ 100 ಮತ್ತು 35 ಡಾಲರ್. ನಿಮ್ಮ ಅರ್ಜಿ, ಮಗುವಿನ ಅರ್ಜಿ ಎರಡನ್ನೂ ಒಂದೇ ದಿನ ಒಂದೇ ಕೌಂಟರ್‌ನಲ್ಲಿ ಕೊಡಿ. ಬೇರೆ ಬೇರೆ ಹೋದರೆ ಒಂದೇ ಸರ್ಟಿಫಿಕೇಟ್ ಎರಡು ಕಡೆ ಬೇಕಾಗಿ ತೊಂದರೆ.

ಭಾರತದ ಕಡೆಯ ಕೆಲಸ

ಹೊಸ ಪಾಸ್‌ಪೋರ್ಟ್ ಬಂದ ಕೂಡಲೇ ಭಾರತದ ಪಾಸ್‌ಪೋರ್ಟ್ ಸರೆಂಡರ್ ಮಾಡಲು ವಿಎಫ್‌ಎಸ್ (ಭಾರತದ ಕಾನ್ಸುಲೇಟ್‌ಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಕಂಪನಿ) ಮೂಲಕ ಅರ್ಜಿ ಹಾಕಿ. ಅಲ್ಲಿಂದ ಬರುವ ಸರೆಂಡರ್ ಸರ್ಟಿಫಿಕೇಟ್ ಜೀವನವಿಡೀ ಬೇಕು. ಕಾನ್ಸುಲೇಟ್‌ನಲ್ಲಿ ವೀಸಾ, ಓಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಯಾವುದಕ್ಕೂ ಅದನ್ನು ಕೇಳುತ್ತಾರೆ.

ಓಸಿಐ ಕಾರ್ಡ್‌ಗೆ ಶುಲ್ಕ 275 ಡಾಲರ್, ಜೀವನಪೂರ್ತಿ ವೀಸಾ ಚಿಂತೆ ಇರುವುದಿಲ್ಲ. ಅದನ್ನು ಮಾಡಿಸಿಕೊಳ್ಳಲೇಬೇಕು. ಆದರೆ ಮೊದಲ ಪ್ರಯಾಣಕ್ಕೆ ಓಸಿಐ ನಂಬಿ ಕೂರಬೇಡಿ. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲ ಸಲ ಇ-ವೀಸಾ ತೆಗೆದುಕೊಳ್ಳಿ. 30 ದಿನದ್ದು, 1 ವರ್ಷದ್ದು, 5 ವರ್ಷದ್ದು ಇವೆ. ಹೊರಡುವುದಕ್ಕೆ ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಬೇಕು ಎಂಬುದು ನಿಯಮ, ನೀವು ಅದಕ್ಕಿಂತ ಸಾಕಷ್ಟು ಮೊದಲೇ ಹಾಕಿ. ಹಿಂದಿನ ಪೌರತ್ವ ಕೇಳುವ ಕಡೆ ಭಾರತ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಬೆಂಗಳೂರು, ಮಂಗಳೂರು ಎರಡೂ ವಿಮಾನ ನಿಲ್ದಾಣಗಳಲ್ಲಿ ಇ-ವೀಸಾ ಮೇಲೆ ಇಳಿಯಬಹುದು. ವೆಬ್‌ಸೈಟ್ ವಿಳಾಸ 'ಗವ್ ಡಾಟ್ ಇನ್' ಎಂದು ಕೊನೆಯಾಗದಿದ್ದರೆ ಅಲ್ಲಿ ಕಾರ್ಡ್ ನಂಬರ್ ಹಾಕಬೇಡಿ. ಅದೇ ರೀತಿ ಕಾಣುವ, ಎರಡು ಮೂರು ಪಟ್ಟು ದುಡ್ಡು ಕೀಳುವ ತಾಣಗಳು ತುಂಬಾ ಇವೆ.

ಓತ್ ಆಗಿದೆ, ಪಾಸ್‌ಪೋರ್ಟ್ ಬಂದಿಲ್ಲ, ಊರಿನಿಂದ ಫೋನ್ ಬಂತು

ಎಲ್ಲರಿಗೂ ಭಯ ಇರುವುದು ಇದಕ್ಕೇ. ದಾರಿ ಇದೆ.

ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ ಇವರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅಥವಾ ಜೀವಕ್ಕೆ ಅಪಾಯ ಇದ್ದರೆ, 14 ದಿನದೊಳಗೆ ಹೊರಡುವವರಿಗೆ ಸರ್ಕಾರದ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ತುರ್ತು ಅಪಾಯಿಂಟ್‌ಮೆಂಟ್ ಸಿಗುತ್ತದೆ. ಫೋನ್ ಮಾಡಿ ಕೇಳಬೇಕು. ಆಸ್ಪತ್ರೆಯ ಪತ್ರ ಬೇಕು. ಊರಿನಲ್ಲಿರುವವರಿಗೆ ಸರಿಯಾಗಿ ಹೇಳಿ: ಆಸ್ಪತ್ರೆಯ ಲೆಟರ್‌ಹೆಡ್, ಡಾಕ್ಟರ ಸಹಿ ಮತ್ತು ಸೀಲು, ರೋಗಿಯ ಪೂರ್ತಿ ಹೆಸರು, ಪರಿಸ್ಥಿತಿ ಎಷ್ಟು ಗಂಭೀರ ಎಂಬುದು ಸ್ಪಷ್ಟವಾಗಿ, ಇಂಗ್ಲಿಷ್‌ನಲ್ಲಿ. "ಅಡ್ಮಿಟ್ ಆಗಿದ್ದಾರೆ" ಎಂದಷ್ಟೇ ಬರೆದರೆ ಸಾಲದು. ವಾಟ್ಸಾಪ್‌ನಲ್ಲಿ ಫೋಟೋ ಅಲ್ಲ, ನೀಟಾಗಿ ಸ್ಕ್ಯಾನ್ ಮಾಡಿ ಕಳಿಸಲು ಹೇಳಿ. ನಿಮಗೂ ಅವರಿಗೂ ಇರುವ ಸಂಬಂಧ ತೋರಿಸಲು ನಿಮ್ಮ ಜನನ ಪ್ರಮಾಣಪತ್ರ ತೆಗೆದಿಡಿ.

ಸಾವುನೋವಿನ ವಿಷಯ ಅಲ್ಲದಿದ್ದರೂ, ಪ್ರಯಾಣ 14 ದಿನದೊಳಗೆ ಇದ್ದರೆ ಏಜೆನ್ಸಿ ಅಪಾಯಿಂಟ್‌ಮೆಂಟ್‌ಗೆ ಪ್ರಯತ್ನಿಸಬಹುದು. ಹೋಗುವ ದೇಶಕ್ಕೆ ವೀಸಾ ಬೇಕಿದ್ದರೆ ಈ ಅವಧಿ 28 ದಿನ. ಭಾರತಕ್ಕೆ ವೀಸಾ ಬೇಕಲ್ಲ, ಹಾಗಾಗಿ ನಮಗೆ ಎರಡು ವಾರ ಹೆಚ್ಚು ಸಿಕ್ಕಂತೆ. ಕರೆ ಮಾಡುವಾಗ ಈ ಮಾತು ಮರೆಯದೆ ಹೇಳಿ. ಅಪಾಯಿಂಟ್‌ಮೆಂಟ್‌ಗೆ ದುಡ್ಡಿಲ್ಲ, ಮಾರುವವರ ಹತ್ತಿರ ಕೊಳ್ಳಬೇಡಿ. ಸ್ಲಾಟ್ ಸಿಗದಿದ್ದರೆ ನಿಮ್ಮ ಭಾಗದ ಕಾಂಗ್ರೆಸ್ ಸದಸ್ಯರ ಕಚೇರಿಗೆ ಫೋನ್ ಮಾಡಿ, ಪಾಸ್‌ಪೋರ್ಟ್ ವಿಚಾರದಲ್ಲಿ ನೆರವಾಗಲು ಅಲ್ಲಿ ಸಿಬ್ಬಂದಿ ಇರುತ್ತಾರೆ. ವೀಸಾಕ್ಕೆ ಇ-ವೀಸಾ ಕಾಯುವಷ್ಟೂ ಸಮಯ ಇಲ್ಲದಿದ್ದರೆ ನಿಮ್ಮ ಭಾಗದ ಭಾರತೀಯ ಕಾನ್ಸುಲೇಟ್‌ನಲ್ಲಿ ತುರ್ತು ವೀಸಾ ಕೇಳಿ.

ಇದೇ ಫೋನ್ ಓತ್‌ಗೆ ಎರಡು ದಿನ ಮೊದಲು ಬಂದರೆ? ಓತ್‌ಗೆ ಹೋಗಬೇಡಿ. ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಎರಡೂ ಇನ್ನೂ ನಿಮ್ಮ ಕೈಯಲ್ಲೇ ಇವೆ. ಕಚೇರಿಗೆ ಪತ್ರ ಕಳಿಸಿ, ಸಿಕ್ಕಿದ ವಿಮಾನ ಹತ್ತಿ. ಆಸ್ಪತ್ರೆಯ ಪತ್ರವನ್ನು ಅಲ್ಲಿಂದಲೇ ತಂದು ವಾಪಸ್ ಬಂದ ಮೇಲೆ ಫೈಲಿಗೆ ಸೇರಿಸಬಹುದು.